ಆಲಸ್ಯವಲ್ಲ, ದೇಹಾಲಸ್ಯ

ಆಲಸ್ಯವೆಂದರೆ ಸೋಮಾರಿತನ, ದೇಹಾಲಸ್ಯವೆಂದರೆ ಅಸ್ವಸ್ಥತೆ. ಈ ಎರಡು ಮಾತುಗಳ ಅಂತರವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ ನಾನೇ, ನನ್ನ ಅಕ್ಕನ ವಿಷಯದಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸಿದೆ.

ಬೆಳಗಿನ ಐದಕ್ಕೇ ಎದ್ದು ಅಂಗಳ ಸಾರಿಸಿ ರಂಗವಲ್ಲಿ ಇಡುತ್ತಿದ್ದವಳು ಆಕೆ. ನಲವತ್ತು ದಾಟಿದ ಮೇಲೆ ಏಳು ಗಂಟೆಯಾದರೂ ಹಾಸಿಗೆ ಬಿಡಲಾರದಾದಳು. ಊಟ ಹಿಂದಿನಷ್ಟೇ, ಮೈ ಮಾತ್ರ ತುಂಬಿಕೊಳ್ಳುತ್ತ ಬಂದಿತು. ಬೇಸಗೆಯಲ್ಲಿಯೂ ಶಾಲು ಹೊದ್ದು ಕೂಡುವಳು. ಬಾಚಣಿಗೆಯ ತುಂಬ ಕೂದಲು, ಒಣಗಿದ ಚರ್ಮ, ಮಲಬದ್ಧತೆ, ಮರೆವು, ಧ್ವನಿಯೂ ಗೊಗ್ಗರಾಯಿತು. “ವಯಸ್ಸಾಯಿತಲ್ಲ” ಎಂದರು ಭಾವ. “ಸ್ವಲ್ಪ ಓಡಾಡು ಅಕ್ಕಾ, ಹೀಗೆ ಸೋಮಾರಿಯಾದರೆ ಹೇಗೆ?” ಎಂದೆ ನಾನು. ಆಕೆ ಎದುರಾಡಲಿಲ್ಲ. “ನನಗೂ ಹಾಗೇ ಅನ್ನಿಸುತ್ತದಪ್ಪಾ” ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕೊನೆಗೆ ವೈದ್ಯರೊಬ್ಬರು ಆಕೆಯ ಊದಿದ ರೆಪ್ಪೆಗಳನ್ನು ನೋಡಿ, ನಿಧಾನವಾದ ನಾಡಿಯನ್ನು ಹಿಡಿದು, ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಸೊರಗಿತ್ತು.

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ತಬ್ಬಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತಿರುವ ಪುಟ್ಟ ಗ್ರಂಥಿಯಿದು. ಇದು ಸ್ರವಿಸುವ ಹಾರ್ಮೋನು ದೇಹದ ಒಲೆಯ ಉರಿಯನ್ನು ಹದದಲ್ಲಿರಿಸುತ್ತದೆ. ಸ್ರಾವ ಕಡಿಮೆಯಾದರೆ ಹೃದಯ, ಕರುಳು, ಮನಸ್ಸು ಎಲ್ಲವೂ ಮಂದವಾಗುತ್ತವೆ. ಆಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು, ಕೆಲಸಗಾರನನ್ನು ಕೂಗಿ ಎಬ್ಬಿಸುವ ಮೇಸ್ತ್ರಿಯಂತೆ, ಟಿ.ಎಸ್.ಎಚ್. ಎಂಬ ಪ್ರಚೋದಕವನ್ನು ಹೆಚ್ಚುಹೆಚ್ಚಾಗಿ ಸುರಿಸತೊಡಗುತ್ತದೆ. ಆದ್ದರಿಂದ ರಕ್ತದಲ್ಲಿ ಟಿ.ಎಸ್.ಎಚ್. ಏರಿ, ಥೈರಾಕ್ಸಿನ್ ಇಳಿದಿದ್ದರೆ ರೋಗವು ನಿಶ್ಚಯವಾದಂತೆ.

ಕಾರಣಗಳು ಹಲವು. ದೇಹದ ರಕ್ಷಣಾಪಡೆಯೇ ದಾರಿತಪ್ಪಿ ಗ್ರಂಥಿಯ ಮೇಲೆ ಬೀಳುವುದು ಇವುಗಳಲ್ಲಿ ಮುಖ್ಯವಾದುದು. ಜಪಾನಿನ ಹಾಶಿಮೊಟೊ ಎಂಬ ವೈದ್ಯನು ೧೯೧೨ರಲ್ಲಿ ಈ ವ್ಯಾಧಿಯನ್ನು ವರ್ಣಿಸಿದನು. ಅಯೋಡಿನ್ ಕೊರತೆಯೂ ಒಂದು ಕಾರಣ. ಗಳಗಂಡವನ್ನು ತಡೆಯುವ ರಾಷ್ಟ್ರೀಯ ಯೋಜನೆ ನಮ್ಮಲ್ಲಿ ೧೯೬೨ರಲ್ಲೇ ಆರಂಭವಾಯಿತು. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಬಹಳ ಹೆಚ್ಚು.

ಇದಕ್ಕೆ ಮದ್ದು ದೊರೆತ ಕಥೆ ಸ್ವಾರಸ್ಯವಾಗಿದೆ. ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ಜಾರ್ಜ್ ಮರ‍್ರೆ ಎಂಬ ತರುಣ ವೈದ್ಯನು, ಕುರಿಯ ಥೈರಾಯ್ಡಿನ ಸಾರವನ್ನು ೪೬ ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದನು. ಅದುವರೆಗೆ ಗುಣವಿಲ್ಲವೆನಿಸಿದ್ದ ರೋಗ ಹಿಮ್ಮೆಟ್ಟಿತು. ಆಕೆ ೧೯೧೯ರವರೆಗೆ ಬಾಳಿದಳು. ೧೯೧೪ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದನು. ಇಂದಿನ ಪುಟ್ಟ ಗುಳಿಗೆಯು ಅದೇ ವಸ್ತುವಿನ ಕೃತಕ ರೂಪ.

ಗುಳಿಗೆ ಸುಲಭ, ನಿಯಮವೇ ಮುಖ್ಯ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ತರುವಾಯ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ ತಿಂಡಿಗಳು ಸಲ್ಲವು. ನಮ್ಮ ಮನೆಗಳಲ್ಲಿ ಕಾಫಿಯನ್ನು ಕಾಯಿಸುವುದಕ್ಕಿಂತ ಅದಕ್ಕಾಗಿ ಕಾಯುವುದು ಕಷ್ಟ, ನಿಜ! ಕಬ್ಬಿಣ, ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಆರರಿಂದ ಎಂಟು ವಾರಗಳ ಬಳಿಕ ರಕ್ತವನ್ನು ಮತ್ತೆ ಪರೀಕ್ಷಿಸಿ ವೈದ್ಯರು ಪ್ರಮಾಣವನ್ನು ಸರಿಪಡಿಸುವರು. ವೃದ್ಧರಿಗೆ, ಹೃದ್ರೋಗಿಗಳಿಗೆ ಅಲ್ಪ ಪ್ರಮಾಣದಿಂದಲೇ ಆರಂಭ. ಹಿತವೆನಿಸಿತೆಂದು ತಾವಾಗಿಯೇ ನಿಲ್ಲಿಸಬಾರದು. ಬಹುಪಾಲು ಜನರಿಗೆ ಇದು ಜೀವನಪರ್ಯಂತ ಬೇಕು. ಮೈ ಕರಗಿಸುವ ಆಸೆಯಿಂದ ಆರೋಗ್ಯವಂತರು ಸೇವಿಸಿದರೆ ಹೃದಯಕ್ಕೆ ಅಪಾಯ.

ಗರ್ಭಿಣಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಗುಳಿಗೆ ಸೇವಿಸುತ್ತಿರುವವಳು ಗರ್ಭವತಿಯಾದೊಡನೆ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಏರಿಸಬೇಕಾಗಬಹುದು. ಹುಟ್ಟಿನಿಂದಲೇ ಈ ಕೊರತೆಯುಳ್ಳ ಮಕ್ಕಳೂ ಉಂಟು. ಎಳೆಗೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿ ಅದನ್ನು ತಿಳಿಸಬಲ್ಲದು. ಮೊದಲೆರಡು ವಾರಗಳಲ್ಲೇ ಮದ್ದು ದೊರೆತರೆ ಮಗುವಿನ ಬುದ್ಧಿ ಉಳಿಯುತ್ತದೆ; ತಡವಾದರೆ ಆದ ನಷ್ಟ ತುಂಬಿಬಾರದು.

ದಣಿವೆಲ್ಲವೂ ಥೈರಾಯ್ಡಿನದಲ್ಲ, ರಕ್ತಹೀನತೆ, ಮನೋವ್ಯಥೆಗಳೂ ಇದೇ ವೇಷ ಧರಿಸುತ್ತವೆ. ಆದುದರಿಂದಲೇ ಊಹೆ ಸಲ್ಲದು, ಪರೀಕ್ಷೆ ಬೇಕು. ಆದರೆ ರೋಗಿಯು ತೂಕಡಿಸುತ್ತ, ಮೈ ತಣ್ಣಗಾಗಿ, ಉಸಿರು ಕುಂದಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೂರು ತಿಂಗಳ ತರುವಾಯ ಅಕ್ಕ ದೂರವಾಣಿಯಲ್ಲಿ ಮಾತನಾಡಿದಳು. ಧ್ವನಿ ಹಳೆಯದಾಗಿತ್ತು, ಎಂದರೆ ಅವಳದೇ ಆಗಿತ್ತು. “ಇವತ್ತು ರಂಗೋಲಿ ನಾನೇ ಹಾಕಿದೆ ಕಣೋ” ಎಂದಳು. ಕ್ಷಮೆ ಕೇಳಬೇಕೆಂದಿದ್ದ ನನಗೆ ಮಾತು ಹೊರಡಲಿಲ್ಲ.

ವಾಚಕ ಮಹಾಶಯರೆ, ನಿಮ್ಮ ಮನೆಯಲ್ಲಿಯೂ ಚಟುವಟಿಕೆಯ ಜೀವವೊಂದು ಕಾರಣವಿಲ್ಲದೆ ಮಂಕಾಗಿದ್ದರೆ, ಸೋಮಾರಿಯೆಂದು ಜರೆಯುವ ಮುನ್ನ ವೈದ್ಯರ ಬಳಿಗೆ ಕರೆದೊಯ್ಯಿರಿ.