ಪರದೆ ಮಿಣುಕಿದ ಮೂರು ದಿನ

ತಿಂಗಳ 17ನೇ ತಾರೀಕು, ರಾತ್ರಿ ಹತ್ತೂವರೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಪರದೆ ಒಮ್ಮೆ ಮಿಣುಕಿತು. ಕರೆಂಟ್ ಹೆಚ್ಚು ಕಡಿಮೆ ಆಗಿರಬೇಕು ಅಂದುಕೊಂಡೆ. ಐದು ನಿಮಿಷಕ್ಕೆ ಮತ್ತೆ ಮಿಣುಕಿತು. ಹನ್ನೊಂದರ ಹೊತ್ತಿಗೆ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಹೊಡೆದುಕೊಳ್ಳತೊಡಗಿತು.

ಹಗಲು ನನಗೆ ನವಿ ಮುಂಬೈಯ ಮಹಾಪೆಯಲ್ಲಿ ಲೆಕ್ಕಪತ್ರದ ನೌಕರಿ. ರಾತ್ರಿ ಊರ ಕಡೆಯವರದೇ ನಾಲ್ಕು ಹೋಟೆಲುಗಳ ಜಿಎಸ್‌ಟಿ ಕೆಲಸ: ಠಾಣೆಯಲ್ಲಿ ಮೂರು, ಕಲ್ಯಾಣದಲ್ಲಿ ಒಂದು. 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಗೆ ಶೇ. 18ರ ಬಡ್ಡಿ. ದುಡ್ಡು ದೊಡ್ಡದಲ್ಲ, ಕೈಯಿಂದಲೇ ಕಟ್ಟಿಬಿಡಬಹುದು. ಆದರೆ ಕಲ್ಯಾಣದ ಶೆಟ್ರು 2020ರ ಲಾಕ್‌ಡೌನಿನಲ್ಲಿ ನನ್ನ ಹಿಂದಿನ ಕೆಲಸ ಹೋದಾಗ, ತಮ್ಮ ಹೋಟೆಲೇ ಬಾಗಿಲು ಹಾಕಿದ್ದರೂ, ಲೆಕ್ಕದ ಕೆಲಸ ಕೊಟ್ಟು ತಿಂಗಳಿಗಿಷ್ಟು ಎಂದು ಕಳಿಸಿದವರು. ಅವರಿಗೆ ‘ಕಂಪ್ಯೂಟರ್ ಕೆಟ್ಟಿತು’ ಎಂದು ಹೇಳುವುದು ಹೇಗೆ? ಟ್ಯಾಲಿಯ ಲೆಕ್ಕವೆಲ್ಲ ಇದರಲ್ಲೇ ಇತ್ತು. ಬ್ಯಾಕಪ್ ತೆಗೆದು ಮೂರು ವಾರವಾಗಿತ್ತು, ಅದು ನನ್ನದೇ ಸೋಮಾರಿತನ.

ಬೆಳಿಗ್ಗೆ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಮುಚ್ಚಳ ತೆರೆದು ನೋಡಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ: ‘ಪ್ಯಾನೆಲ್ ಗಯಾ. ಏಳೂವರೆ ಸಾವಿರ, ನಾಲ್ಕು ದಿನ ಬಿಟ್ಟುಹೋಗಿ.’ ಬಿಟ್ಟುಹೋಗುವ ಹಾಗಿರಲಿಲ್ಲ. ಎತ್ತಿಕೊಂಡು ಬಂದೆ.

ಮನೆಯಲ್ಲಿ ಹೆಂಡತಿಯ ಅನುಮಾನವೇ ಬೇರೆ. ‘ರೈಲಿಂದ ಇರಬಹುದಾ?’ ಅದು ತೀರ ಹಾಸ್ಯವಲ್ಲ. ಇಪ್ಪತ್ತು ವರ್ಷದ ಹಿಂದೆ ಹಳಿ ಪಕ್ಕದ ಬಾಡಿಗೆ ಮನೆಯಲ್ಲಿದ್ದಾಗ ಲೋಕಲ್ ಹಾದುಹೋದರೆ ನಮ್ಮ ಡಬ್ಬಿ ಮಾನಿಟರಿನ ಚಿತ್ರ ಅಲುಗಾಡುತ್ತಿತ್ತು. ಆಗ ಇಲ್ಲಿನ ಲೋಕಲ್ ಗಾಡಿಗಳು ಓಡುತ್ತಿದ್ದುದು 1500 ವೋಲ್ಟ್ ಡಿಸಿಯಲ್ಲಿ, ಈಗ 25,000 ವೋಲ್ಟ್ ಎಸಿ. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಹಾರಿಬಂದು ಚಿತ್ರ ಬರೆಯುತ್ತಿದ್ದವು, ಹೊರಗಿನ ಕಾಂತಶಕ್ತಿ ಅವುಗಳನ್ನು ಎಳೆಯುತ್ತಿತ್ತು. ಇಂದಿನ ಎಲ್‌ಸಿಡಿಯಲ್ಲಿ ಆ ಏರ್ಪಾಡೇ ಇಲ್ಲ. ರೈಲು ನಿರ್ದೋಷಿ.

ಆ ಸಂಜೆ ಬೆಂಗಳೂರಿನ ಭಾವಮೈದನಿಗೆ ಮೊಬೈಲಿನಲ್ಲಿ ವಿಡಿಯೊ ತೆಗೆದು ಕಳಿಸಿದೆ. ಅದರಲ್ಲಿ ಪರದೆಯ ತುಂಬ ಕಪ್ಪು ಪಟ್ಟೆಗಳು. ಫೋನ್ ಮಾಡಿ ನಕ್ಕ. ‘ಭಾವ, ಆ ಪಟ್ಟೆ ನಿಮ್ಮ ಕ್ಯಾಮೆರಾದ್ದು. ಒಳ್ಳೆ ಪರದೆಯನ್ನು ತೆಗೆದರೂ ಹಾಗೆ ಬರಬಹುದು. ವಿಡಿಯೊ ಬಿಡಿ, ಹೇಳಿದಷ್ಟು ಮಾಡಿ.’

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಲು ಹೇಳಿದ. ಉಳಿದದ್ದೆಲ್ಲ ಮಿಣುಕಿ ಅದೊಂದೇ ನಿಶ್ಚಲವಾಗಿದ್ದರೆ ಯಾವುದೋ ಆ್ಯಪಿನ ತಂಟೆ. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಗುಮಾನಿ. ನನ್ನದು ಮಿಣುಕಿತು. ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ ಅಂದ. ಅಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಮಿಣುಕಿತು. ಅಲ್ಲಿಗೆ ಸಾಫ್ಟ್‌ವೇರ್ ಬಚಾವ್.

ಆಮೇಲೆ ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಜೋಡಿಸಿದೆ. ಟಿವಿಯಲ್ಲಿ ಚಿತ್ರ ಕಲ್ಲಿನ ಹಾಗೆ ನಿಂತಿತ್ತು. ಅಂದರೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್ ಸರಿಯಿದೆ, ತೊಂದರೆ ಪ್ಯಾನೆಲಿನಲ್ಲಿ ಅಥವಾ ಅದಕ್ಕೆ ಹೋಗುವ ಕೇಬಲಿನಲ್ಲಿ. ಕೊನೆಗೆ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿದೆ. ಅರ್ಧ ತೆರೆದಾಗ ಶಾಂತ, ಇನ್ನೂ ಸ್ವಲ್ಪ ಹಿಂದೆ ಬಾಗಿಸಿದರೆ ಪಟಪಟ. ‘ಕೇಬಲ್ ಭಾವ. ಪ್ಯಾನೆಲ್ ಹೋಗಿದ್ದರೆ ಕೋನ ನೋಡಿ ಮಿಣುಕ್ತಿರಲಿಲ್ಲ.’

ಟಿವಿ ಸಿಕ್ಕಿತಲ್ಲ, ಮೊದಲು ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದೆ. ಹೆಂಡತಿಯ ಧಾರಾವಾಹಿ ನಿಲ್ಲಿಸಿ, ಸೋಫಾದ ಮೇಲೆ ಕೂತು, 32 ಇಂಚಿನ ಪರದೆಯಲ್ಲಿ ಠಾಣೆಯ ಮೂರೂ ರಿಟರ್ನ್ ಅಂದು ರಾತ್ರಿಯೇ ಮುಗಿಸಿದೆ. ಶೆಟ್ರದ್ದು ಉಳಿಯಿತು, ಅವರ ಆನ್‌ಲೈನ್ ಆರ್ಡರುಗಳ ಲೆಕ್ಕ ಇನ್ನೂ ಬಂದಿರಲಿಲ್ಲ. ಮರುದಿನ ಅದನ್ನು ಕೇಳಲು ಫೋನ್ ಮಾಡಿದಾಗ ಬಾಯಿಬಿಟ್ಟು ಹೇಳಿಯೇ ಬಿಟ್ಟೆ. ‘ಅಯ್ಯೋ ಮಾರಾಯ್ರೇ, ಮೊದಲೇ ಹೇಳಬಾರದಾ? ನಮ್ಮ ಬಿಲ್ಲಿಂಗ್ ಮಿಷನ್ ರಿಪೇರಿ ಮಾಡುವವನಿದ್ದಾನೆ, ಬನ್ನಿ.’

ಸಂಜೆ ಡೊಂಬಿವಲಿಯಲ್ಲಿ ಇಳಿಯದೆ ಸೀದಾ ಕಲ್ಯಾಣಕ್ಕೆ ಹೋದೆ. ಗಲ್ಲಿಯೊಳಗಿನ ಪುಟ್ಟ ಅಂಗಡಿ. ಆತ ಪರದೆಯ ಸುತ್ತಲಿನ ಚೌಕಟ್ಟು ಬಿಚ್ಚಿ ತೋರಿಸಿದ. ಕೂದಲಿನಂಥ ತಂತಿಗಳ ಕಟ್ಟೊಂದು ಕೀಲಿನ ಸಂದಿಯಲ್ಲಿ ನುಸುಳಿ ಮೇಲೆ ಹೋಗುತ್ತದೆ. ಕೀಲಿನ ಹತ್ತಿರ ಅದರ ಹೊದಿಕೆ ಸವೆದು ತಾಮ್ರ ಕಾಣುತ್ತಿತ್ತು. ಕೀಲೂ ಒಂದು ಬದಿ ಸ್ವಲ್ಪ ಎದ್ದಿತ್ತು. ‘ಲೋಕಲ್ ಕಾ, ಭಾವು?’ ಎಂದು ಕೇಳಿದ. ಹೌದು, ದಿನಾ ಠಾಣೆಗೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಹಿಡಿದು ಕೋಪರ್‌ಖೈರಣೆಗೆ. ಬ್ಯಾಗ್ ಎದೆಯ ಮೇಲೆ, ಒಳಗೆ ಲ್ಯಾಪ್‌ಟಾಪಿಗೆ ಒತ್ತಿಕೊಂಡು ಸ್ಟೀಲಿನ ಊಟದ ಡಬ್ಬಿ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಹಿಂದಿನವರೆಲ್ಲರ ಭಾರ ಆ ಡಬ್ಬಿಯ ಅಂಚಿನ ಮೇಲೆ ಬೀಳುತ್ತದೆ. ಇಂಥವು ತನ್ನಲ್ಲಿಗೆ ಬರುತ್ತಲೇ ಇರುತ್ತವೆ ಅಂದ.

ಕೇಬಲಿಗೆ 900, ಕೂಲಿ 400, ಒಂದೂವರೆ ಗಂಟೆ. ಸವೆದ ಜಾಗಕ್ಕೆ ಟೇಪ್ ಸುತ್ತಿದರಾಗದೇ ಎಂದು ಕೇಳಿದ್ದಕ್ಕೆ, ಇಷ್ಟು ಸಣ್ಣ ತಂತಿಗಳು ಒಂದಕ್ಕೊಂದು ತಾಗಿದರೆ ಮದರ್‌ಬೋರ್ಡಿಗೇ ಪೆಟ್ಟು ಅಂದ. ಹಳೆಯ ಕೇಬಲನ್ನು ಕೈಗೆ ಕೊಟ್ಟ. ಬದಲಾಯಿಸಿದ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ, ಇವನು ಕೇಳದೆಯೇ ಕೊಟ್ಟ.

ನಿಮ್ಮ ಟಿವಿಯಲ್ಲೂ ಚಿತ್ರ ಮಿಣುಕಿದರೆ ಅಂಗಡಿಗೆ ಓಡುವ ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನ ಡ್ರೈವರಿಗೆ ಮರಳಿ ನೋಡಿ, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ಬದಲಿಸಿ ನೋಡಿ. ಖರ್ಚಿಲ್ಲ. ಡೆಸ್ಕ್‌ಟಾಪ್ ಆದರೆ ಮಾನಿಟರ್ ಕೇಬಲಿನ ಎರಡೂ ತುದಿ ಬಿಚ್ಚಿ ಬಿಗಿಯಾಗಿ ಸಿಕ್ಕಿಸಿ, ಬೇರೆ ಕೇಬಲ್ ಹಾಕಿ ನೋಡಿ.

ಶೆಟ್ರ ರಿಟರ್ನನ್ನು ಅವರದೇ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕೂತು 19ರ ರಾತ್ರಿ ಒಂಬತ್ತಕ್ಕೆ ಸಲ್ಲಿಸಿದೆ. ನೀರುದೋಸೆಯ ದುಡ್ಡು ತೆಗೆದುಕೊಳ್ಳಲಿಲ್ಲ. ಡಬ್ಬಿಗೆ ಈಗ ಬೇರೆ ಚೀಲ. ಎರಡು ಚೀಲ ಹಿಡಿದು ಬೆಳಗಿನ ಫಾಸ್ಟ್ ಹತ್ತುವುದು ಹೇಗೆಂದು ಇನ್ನೂ ಕಲಿಯುತ್ತಿದ್ದೇನೆ.