ಬಾಡಿಗೆ ದುಡ್ಡಿನಲ್ಲೇ ಫ್ಲ್ಯಾಟಿನ ಇಎಂಐ ತೀರುತ್ತದೆಯೇ? ಲೆಕ್ಕ ಹಾಕಿ ನೋಡೋಣ

‘ಸ್ವಲ್ಪ ಮುಂಗಡ ಕಟ್ಟಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಿ. ಬಾಡಿಗೆಯಿಂದಲೇ ಇಎಂಐ ಹೋಗುತ್ತದೆ. 20 ವರ್ಷ ಕಳೆದರೆ ಮನೆ ಪುಕ್ಕಟೆಯಾಗಿ ನಿಮ್ಮದು!’ ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಇದನ್ನು ನಂಬಿ ಟೋಕನ್ ಹಣ ಕೊಡುವ ಮೊದಲು ಒಂದು ಪೆನ್ನು, ಒಂದು ಹಾಳೆ ಸಾಕು. ಲೆಕ್ಕ ಏನು ಹೇಳುತ್ತದೆ ಎಂದು ನಾವು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು ಕೈಯಿಂದ ಎಷ್ಟು ಬೇಕು?

ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ಒಂದು ಫ್ಲ್ಯಾಟ್ ಎಂದುಕೊಳ್ಳೋಣ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ 80% ಮೀರುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಹೆಚ್ಚೆಂದರೆ 48 ಲಕ್ಷ ಸಾಲ ಸಿಗುತ್ತದೆ, 12 ಲಕ್ಷ ನಿಮ್ಮದೇ ಆಗಬೇಕು.

ಇದರ ಮೇಲೆ ನೋಂದಣಿಯ ಖರ್ಚಿದೆ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರಗಳಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 60 ಲಕ್ಷಕ್ಕೆ ಇವೆರಡೂ ಸೇರಿ 4.56 ಲಕ್ಷ. ಸಾಮಾನ್ಯವಾಗಿ ಈ ಖರ್ಚಿಗೆ ಗೃಹಸಾಲ ಸಿಗುವುದಿಲ್ಲ. ಅಲ್ಲಿಗೆ ‘ಸ್ವಲ್ಪ ಮುಂಗಡ’ ಎಂದದ್ದು 16.5 ಲಕ್ಷ ದಾಟಿತು. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಜಿಎಸ್‌ಟಿಯೂ ಸೇರುತ್ತದೆ.

ಬಾಡಿಗೆ ಮತ್ತು ಕಂತು: ಮುಖ್ಯ ಲೆಕ್ಕ

48 ಲಕ್ಷ ಸಾಲಕ್ಕೆ 8.5% ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 41,650 ರೂ.

ಈಗ ಬಾಡಿಗೆ. ತಿಂಗಳಿಗೆ 20,000 ರೂ. ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ, ಮನೆಯ ಬೆಲೆಯ 4%. ಆದರೆ ಇಷ್ಟೂ ಕೈಗೆ ಉಳಿಯುವುದಿಲ್ಲ:

- ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಮನೆ ಖಾಲಿ: 20,000 ರೂ.
- ಪೇಂಟಿಂಗ್, ನಲ್ಲಿ, ಗೀಸರ್ ರಿಪೇರಿ: ಅಂದಾಜು 12,000 ರೂ.
- ಆಸ್ತಿ ತೆರಿಗೆ: ಅಂದಾಜು 8,000 ರೂ.

ಉಳಿದದ್ದು 2 ಲಕ್ಷ, ತಿಂಗಳಿಗೆ ಸರಾಸರಿ 16,650 ರೂ. ಹಾಗಾದರೆ ಪ್ರತಿ ತಿಂಗಳೂ 25,000 ರೂ. ನಿಮ್ಮ ಸಂಬಳದಿಂದಲೇ ಹೋಗಬೇಕು. ಬಾಡಿಗೆಯಿಂದ ಉಳಿಯುವುದು ಬೆಲೆಯ 3.3%, ಸಾಲದ ಬಡ್ಡಿ 8.5%. ಸಂದೇಶ ಮುಚ್ಚಿಡುವುದು ಈ ಅಂತರವನ್ನೇ.

‘ಬಾಡಿಗೆ ವರ್ಷವರ್ಷ ಏರುತ್ತದಲ್ಲ?’ ಎನ್ನಬಹುದು. ಬಾಡಿಗೆಯೂ ಖರ್ಚೂ ಪ್ರತಿ ವರ್ಷ 5% ಏರಿದರೆ, ಉಳಿಯುವ ಹಣ ಕಂತಿನ ಮಟ್ಟ ಮುಟ್ಟಲು ಸುಮಾರು 19 ವರ್ಷ ಬೇಕು. ಅಷ್ಟರಲ್ಲಿ ಸಾಲವೇ ಮುಗಿಯುತ್ತ ಬಂದಿರುತ್ತದೆ. ಮೊದಲ ದಿನದಿಂದಲೇ ಬಾಡಿಗೆಯಿಂದ ಕಂತು ಹೋಗಬೇಕು ಎಂದರೆ ಇದೇ ಮನೆಗೆ ಸಾಲ 19 ಲಕ್ಷ ಮೀರಬಾರದು, ಉಳಿದ 41 ಲಕ್ಷ ಕೈಯಿಂದ ಹಾಕಬೇಕು.

ಬಡ್ಡಿ ಏರಿಳಿಯುವ ಸಾಲವಾದರೆ ಇನ್ನೊಂದು ಅಪಾಯವಿದೆ. 8.5% ಇದ್ದದ್ದು 9.5% ಆದರೆ ಕಂತು ತಿಂಗಳಿಗೆ 3,000 ರೂ. ಹೆಚ್ಚುತ್ತದೆ, ಇಲ್ಲವೇ ಸಾಲದ ಅವಧಿ ಉದ್ದವಾಗುತ್ತದೆ.

‘ತೆರಿಗೆ ಉಳಿತಾಯದಲ್ಲಿ ಎಲ್ಲ ಸರಿಹೋಗುತ್ತದೆ’ ನಿಜವೇ?

ಅರ್ಧ ನಿಜ. ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ 30% ರಿಯಾಯಿತಿ ಸಿಗುತ್ತದೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿಯಿಂದಾಗಿ ‘ನಷ್ಟ’ ಬಂದರೆ ಅದನ್ನು ಸಂಬಳದ ಆದಾಯದಿಂದ ಕಳೆಯುವ ಅವಕಾಶ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಅಡ್ವಾನ್ಸ್ ನಿಮ್ಮ ಆದಾಯವಲ್ಲ

ಬಾಡಿಗೆದಾರರು ಕೊಡುವ ಅಡ್ವಾನ್ಸ್ ಹಣವನ್ನು ಸಾಲಕ್ಕೋ ಇಂಟೀರಿಯರ್‌ಗೋ ಹಾಕಿಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಅದು ವಾಪಸ್ ಕೊಡಬೇಕಾದ ಹಣ. ಮನೆ ಬಿಡುವ ದಿನ ಹೊಸ ಬಾಡಿಗೆದಾರ ಸಿಕ್ಕಿರದಿದ್ದರೆ ಎಲ್ಲಿಂದ ತರುತ್ತೀರಿ? ಭೋಗ್ಯಕ್ಕೆ ಕೊಟ್ಟರಂತೂ ಮೊತ್ತ ಲಕ್ಷಗಳಲ್ಲಿರುತ್ತದೆ. ಅಡ್ವಾನ್ಸ್ ಅನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಡಿ.

ಕೊಳ್ಳುವ ಮೊದಲು ನೋಡಬೇಕಾದ ಕಾಗದ

- ಋಣಭಾರ ಪತ್ರ, ಅಂದರೆ ಇಸಿ. ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ನೋಂದಣಿಯಾದ ಮಾರಾಟ, ಅಡಮಾನ ಇದರಲ್ಲಿ ಕಾಣುತ್ತವೆ. ನೋಂದಣಿಯಾಗದ ಕರಾರು ಕಾಣುವುದಿಲ್ಲ. ಆದ್ದರಿಂದ ಹಳೆಯ ಕ್ರಯಪತ್ರಗಳನ್ನು ವಕೀಲರಿಗೆ ತೋರಿಸಿ.
- ಖಾತಾ. ಬೆಂಗಳೂರಿನಲ್ಲಿ ಈಗ ನೋಂದಣಿಗೆ ಇ-ಖಾತಾ ಬೇಕು. ಎ ಖಾತಾವೋ ಬಿ ಖಾತಾವೋ ಎಂದು ನೋಡಿ. ಬಿ ಖಾತಾ ಇದ್ದರೆ ಹಲವು ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ, ನಾಳೆ ಮಾರುವಾಗಲೂ ತೊಡಕು.
- ಸ್ವಾಧೀನಾನುಭವ ಪತ್ರ, ಅಂದರೆ ಓಸಿ. ಇದಿಲ್ಲದ ಕಟ್ಟಡಕ್ಕೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.
- ಹೊಸ ಪ್ರಾಜೆಕ್ಟ್ ಆದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ.
- ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ, ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮಾರುವವರು ಅನಿವಾಸಿ ಭಾರತೀಯರಾದರೆ ದರವೂ ನಿಯಮವೂ ಬೇರೆ.

‘12 ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ’ ಎಂಬ ಸಂದೇಶ

ಇದು ತಪ್ಪು. 1963ರ ಕಾಲಮಿತಿ ಕಾಯ್ದೆಯಲ್ಲಿರುವ 12 ವರ್ಷದ ಮಾತು, ಮಾಲೀಕರ ಹಕ್ಕನ್ನು ಒಪ್ಪದೆ, ಅದಕ್ಕೆ ವಿರುದ್ಧವಾಗಿ, ಬಹಿರಂಗವಾಗಿ ಆಸ್ತಿ ಹಿಡಿದುಕೊಂಡವರಿಗೆ ಸಂಬಂಧಿಸಿದ್ದು. ಬಾಡಿಗೆದಾರರು ಇರುವುದು ಮಾಲೀಕರ ಒಪ್ಪಿಗೆಯಿಂದ. ಬಾಡಿಗೆ ಕೊಡುತ್ತಾ ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಮನೆ ಅವರದ್ದಾಗುವುದಿಲ್ಲ. ಆದರೂ ಕರಾರು ಬರವಣಿಗೆಯಲ್ಲಿರಲಿ, ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ. ಆಗ ಇಬ್ಬರಿಗೂ ದಾಖಲೆ ಇರುತ್ತದೆ.

11 ತಿಂಗಳ ಕರಾರಿನ ಗುಟ್ಟೂ ಇಷ್ಟೇ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ. ಅವಧಿ ಮುಗಿದರೂ ಮನೆ ಬಿಡದವರನ್ನು ಕರೆಂಟ್, ನೀರು ಕಿತ್ತು ಹೊರಹಾಕುವಂತಿಲ್ಲ. ಅದಕ್ಕೆ ನ್ಯಾಯಾಲಯದ ದಾರಿಯೇ ಇದೆ.

ತೀರ್ಮಾನ

ಬಾಡಿಗೆಗೆಂದು ಮನೆ ಕೊಳ್ಳುವುದು ಕೆಟ್ಟ ಯೋಚನೆ ಎಂದು ನಾವು ಹೇಳುತ್ತಿಲ್ಲ. ಮನೆಯ ಬೆಲೆ ಏರಿದರೆ ಲಾಭವೂ ಬರಬಹುದು. ಆದರೆ ಬೆಲೆ ಏರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ, ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಹೊಸಬರು ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಮುಂದುವರಿಯಲಿ. ಖರ್ಚು ಕಳೆದು ಬಾಡಿಗೆಯಲ್ಲಿ ಎಷ್ಟು ಉಳಿಯುತ್ತದೆ? ಕಂತಿಗೆ ಬೀಳುವ ಕೊರತೆಯನ್ನು ಸಂಬಳ ತಡೆದುಕೊಳ್ಳುತ್ತದೆಯೇ? ಮನೆ ಆರು ತಿಂಗಳು ಖಾಲಿ ಬಿದ್ದರೆ ಕಂತು ಕಟ್ಟುವಷ್ಟು ಹಣ ಪಕ್ಕಕ್ಕಿದೆಯೇ?

‘ಬಾಡಿಗೆಯೇ ಇಎಂಐ ಕಟ್ಟುತ್ತದೆ’ ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೆಕ್ಕ ಕಳಿಸಿ.