ಲಿನಕ್ಸ್ ಏಳುವಾಗ ಡಿಸ್ಕ್ ಕಾಣದಿದ್ದರೆ

ನಮ್ಮ ಗಡಿಯ ಹಳ್ಳಿಗಳಿಗೂ ಕಂಪ್ಯೂಟರ್ ಬಂದು ಬಹಳ ವರ್ಷಗಳಾದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸ ಹೆಸರಲ್ಲ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಲಿನಕ್ಸನ್ನೇ ಶಾಲೆಗಳಿಗೆ ತಂದಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಶಾಲೆಯಲ್ಲಿ ಕಲಿತ ಮಕ್ಕಳು ಮನೆಯ ಹಳೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಡುತ್ತಾರೆ. ಹಣ ಕೊಡಬೇಕಾಗಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ.

ಆದರೆ ಒಂದು ದಿನ ಸ್ವಿಚ್ಚು ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬರುತ್ತವೆ. ಕೊನೆಗೆ ಕಂಸದೊಳಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪದ ಬಂದು ಎಲ್ಲವೂ ನಿಂತುಬಿಡುತ್ತದೆ. ರಿಪೇರಿಗೆ ಕೊಂಡೊಯ್ದರೆ "ಫಾರ್ಮ್ಯಾಟ್ ಮಾಡಿಬಿಡೋಣ" ಎಂಬ ಉತ್ತರ ಬಲು ಬೇಗ ಸಿಗುತ್ತದೆ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಒರೆಸಿ ಹೊಸದಾಗಿ ಬರೆಯುವುದು. ಅದರೊಳಗೆ ಹಾಲಿನ ಸೊಸೈಟಿಯ ಲೆಕ್ಕವಿರಬಹುದು, ಅಜ್ಜ ಕೈಬರಹದಲ್ಲಿಟ್ಟಿದ್ದ ಯಕ್ಷಗಾನ ಪ್ರಸಂಗವನ್ನು ಮೊಮ್ಮಗಳು ಟೈಪು ಮಾಡಿದ್ದಿರಬಹುದು. ಒಮ್ಮೆ ಹೋದರೆ ಅವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಅದಕ್ಕೆ ಒಪ್ಪುವ ಮೊದಲು ನೀವೇ ಅರ್ಧ ಗಂಟೆ ಕುಳಿತು ನೋಡಬಹುದಾದ ಕೆಲವು ಸಂಗತಿಗಳನ್ನು ಇಂದು ಹೇಳುತ್ತೇನೆ.

ಮೊದಲು, ಒಳಗೆ ಏನು ನಡೆಯುತ್ತದೆ ಎಂದು ತಿಳಿಯೋಣ. ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಬ್ಯಾಂಕಿನ ಹೋಲಿಕೆಯನ್ನೇ ಕೊಡುತ್ತೇನೆ. ಬೆಳಿಗ್ಗೆ ಜವಾನ ಬಾಗಿಲು ತೆರೆದು ದೀಪ, ಫ್ಯಾನು ಸರಿಯಿದೆಯೇ ಎಂದು ನೋಡುತ್ತಾನೆ. ಕಂಪ್ಯೂಟರಿನಲ್ಲಿ ಈ ಕೆಲಸ ಬಯೋಸ್ ಎಂಬುದರದ್ದು. ಆಮೇಲೆ ಗ್ರಬ್ ಎಂಬ ಚಿಕ್ಕ ಕಾರ್ಯಕ್ರಮ ಬಂದು ಲಿನಕ್ಸಿನ ತಿರುಳಾದ ಕರ್ನೆಲನ್ನು ಎಬ್ಬಿಸುತ್ತದೆ. ಅದರ ಜತೆ ಒಂದು ಸಣ್ಣ ಕೈಚೀಲವನ್ನೂ ಕೊಡುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಎಂದರೆ ಆ ಕೈಚೀಲ. ಖಜಾನೆಯ ಬಾಗಿಲು ತೆರೆಯಲು ಬೇಕಾದ ಕೀಲಿಗಳು ಅದರಲ್ಲಿರುತ್ತವೆ. ಖಜಾನೆ ಎಂದರೆ ನಿಮ್ಮ ಹಾರ್ಡ್ ಡಿಸ್ಕು. ಅದು ಸಿಗದಿದ್ದರೆ ಕರ್ನೆಲ್ ಕೈಚೀಲ ಹಿಡಿದು ಹೊಸ್ತಿಲಲ್ಲೇ ನಿಲ್ಲುತ್ತದೆ. ನಿಮಗೆ ಕಾಣುವ ಕಪ್ಪು ಪರದೆ ಇದೇ. ಡಿಸ್ಕು ಸತ್ತಿದೆ ಎಂದು ಅದು ಹೇಳುತ್ತಿಲ್ಲ. ಹುಡುಕಿದೆ, ಸಿಗಲಿಲ್ಲ ಎಂದಷ್ಟೇ ಹೇಳುತ್ತಿದೆ.

ಆದ್ದರಿಂದ ಮೊದಲ ಕೆಲಸ, ಪರದೆಯ ಮೇಲಿನ ಮಾತನ್ನು ಹಾಗೆಯೇ ಬರೆದುಕೊಳ್ಳುವುದು, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯುವುದು. ಪಂಚಾಯತಿನಿಂದ ಮಲಯಾಳದ ಕಾಗದ ಬಂದರೆ ನಾವು ಅಕ್ಷರ ಕೂಡಿಸಿ ಓದುತ್ತೇವಲ್ಲ, ಇದನ್ನೂ ಹಾಗೆಯೇ ಓದಬೇಕು. ಎಲ್ಲ ಸಾಲುಗಳೂ ದೋಷವಲ್ಲ. ಉದಾಹರಣೆಗೆ, ಐ8042 ಕಂಟ್ರೋಲರ್ ಸಿಗಲಿಲ್ಲ ಎಂಬ ಸಾಲು ಹಳೆಯ ಮಾದರಿಯ ಕೀಲಿಮಣೆಯ ಜೋಡಣೆಗೆ ಸಂಬಂಧಿಸಿದ್ದು. ನಿಮ್ಮ ಕೀಲಿಮಣೆ ಯುಎಸ್‌ಬಿಯದಾಗಿದ್ದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಲಿನಕ್ಸ್ ಮುಂದುವರಿದು ಎದ್ದರೆ ಅಂಥ ಸಾಲುಗಳಿಗೆ ಹೆದರಬೇಕಾಗಿಲ್ಲ. ನಮಗೆ ಬೇಕಾದದ್ದು, ನಿಲ್ಲುವ ಮೊದಲಿನ ಕೊನೆಯ ಕೆಲವು ಸಾಲುಗಳು.

ಅಲ್ಲಿ ಎರಡು ಬಗೆಯ ಮಾತು ಸಾಮಾನ್ಯ. ಎಫ್‌ಎಸ್‌ಸಿಕೆ ಕೈಯಾರೆ ನಡೆಸಿ ಎಂದಿದ್ದರೆ ಡಿಸ್ಕು ಸಿಕ್ಕಿದೆ, ಒಳಗಿನ ಲೆಡ್ಜರ್ ಮಾತ್ರ ಟ್ಯಾಲಿ ಆಗುತ್ತಿಲ್ಲ ಎಂದರ್ಥ. ಕರೆಂಟು ಹಠಾತ್ತನೆ ಹೋದಾಗ ಹೀಗಾಗುತ್ತದೆ. ಆಗ ಎಫ್‌ಎಸ್‌ಸಿಕೆ ಎಂದು ಸಣ್ಣಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಆ ಸಂದೇಶದಲ್ಲೇ ಇರುವ ಡಿಸ್ಕಿನ ಹೆಸರನ್ನು ಬರೆದು ಎಂಟರ್ ಒತ್ತಿದರೆ ಅದು ಲೆಕ್ಕ ಸರಿಪಡಿಸುತ್ತದೆ. ಆದರೆ ಐಒ ಎರರ್ ಎಂಬ ಸಾಲೂ ಮತ್ತೆ ಮತ್ತೆ ಕಾಣುತ್ತಿದ್ದರೆ ಇದನ್ನು ಮಾಡಬೇಡಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಎರಡನೆಯದು, ಅಲರ್ಟ್ ಎಂದು ಹೇಳಿ, ಯುಯುಐಡಿ ಎಂಬ ಉದ್ದ ಸಂಖ್ಯೆ ಕೊಟ್ಟು, ಅದು ಇಲ್ಲ ಎನ್ನುವುದು. ಯುಯುಐಡಿ ಎಂದರೆ ಡಿಸ್ಕಿನ ಒಂದೊಂದು ವಿಭಾಗಕ್ಕೂ ಇರುವ ಖಾತೆ ನಂಬರು. ಇದೇ ಇಂದಿನ ನಮ್ಮ ಮುಖ್ಯ ವಿಷಯ.

ಈಗ ಬಿ, ಎಲ್, ಕೆ, ಐ, ಡಿ ಎಂಬ ಐದು ಸಣ್ಣಕ್ಷರಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಿ. ಕಂಪ್ಯೂಟರಿಗೆ ಕಂಡ ಡಿಸ್ಕುಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ನಿಮ್ಮ ಡಿಸ್ಕು ಇದ್ದು ನಂಬರು ಸಂದೇಶದ ನಂಬರಿಗೆ ಸರಿಹೊಂದಿದರೆ, ಡಿಸ್ಕು ತಡವಾಗಿ ಎದ್ದಿದೆ ಎಂದು ತಿಳಿಯಬಹುದು. ಯುಎಸ್‌ಬಿಯಲ್ಲಿ ಜೋಡಿಸಿದ ಡಿಸ್ಕುಗಳಲ್ಲಿ ಇದು ಹೆಚ್ಚು. ಎಕ್ಸಿಟ್ ಎಂದು ಬರೆದು ಎಂಟರ್ ಒತ್ತಿದರೆ ಮತ್ತೆ ಪ್ರಯತ್ನಿಸುತ್ತದೆ. ಇದು ಪ್ರತಿದಿನವೂ ಆಗುತ್ತಿದ್ದರೆ, ಗ್ರಬ್‌ನಲ್ಲಿ ರೂಟ್‌ಡಿಲೇ ಎಂಬ ಸೂಚನೆ ಸೇರಿಸಿ ಹತ್ತು ಸೆಕೆಂಡು ಕಾಯುವಂತೆ ಮಾಡಿಸಿಕೊಳ್ಳಿ. ಡಿಸ್ಕು ಇದ್ದು ನಂಬರು ಬೇರೆಯಾಗಿದ್ದರೆ, ಯಾರೋ ಡಿಸ್ಕನ್ನು ಬದಲಿಸಿದ್ದಾರೆ ಅಥವಾ ವಿಭಾಗವನ್ನು ಹೊಸದಾಗಿ ಮಾಡಿದ್ದಾರೆ. ಎರಡೂ ನಂಬರುಗಳನ್ನು ಬರೆದುಕೊಂಡು ತಿಳಿದವರಿಗೆ ತೋರಿಸಿ. ಗ್ರಬ್‌ನಲ್ಲಿರುವ ವಿಳಾಸ ತಿದ್ದಿದರೆ ಸಾಕಾಗಬಹುದು.

ಪಟ್ಟಿಯಲ್ಲಿ ಡಿಸ್ಕೇ ಇಲ್ಲದಿದ್ದರೆ ಹೀಗೆ ಮಾಡಿ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಆರಂಭದಲ್ಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ ಬಯೋಸ್ ಒಳಗೆ ಹೋಗಿ. ಯಾವ ಕೀಲಿ ಎಂಬುದನ್ನು ಪರದೆಯೇ ಹೆಚ್ಚಾಗಿ ತೋರಿಸುತ್ತದೆ. ಅಲ್ಲೂ ಡಿಸ್ಕಿನ ಹೆಸರು ಇಲ್ಲವೆಂದರೆ ಲಿನಕ್ಸನ್ನು ದೂರಿ ಫಲವಿಲ್ಲ. ಕರೆಂಟಿನ ವಯರನ್ನು ಗೋಡೆಯಿಂದಲೇ ಕಿತ್ತು, ಪೆಟ್ಟಿಗೆಯ ಬದಿ ತೆರೆಯಿರಿ. ಲೋಹದ ಚೌಕಟ್ಟನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆಯಿರಿ. ಡಿಸ್ಕಿಗೆ ಎರಡು ಕೇಬಲ್ಲುಗಳಿರುತ್ತವೆ, ಒಂದು ವಿದ್ಯುತ್ತಿಗೆ, ಒಂದು ಮಾಹಿತಿಗೆ. ಎರಡನ್ನೂ ಕಿತ್ತು ಗಟ್ಟಿಯಾಗಿ ಕೂರಿಸಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಕೇಬಲ್ಲಿನ ತುದಿ ಕಿಲುಬು ಹಿಡಿಯುತ್ತದೆ, ಇಲಿಯೂ ಕಚ್ಚುತ್ತದೆ. ಕೇಬಲ್ಲಿನ ಬೆಲೆ ಡಿಸ್ಕಿನ ಮುಂದೆ ತೀರಾ ಸಣ್ಣದು; ಮೊದಲು ಅದನ್ನು ಬದಲಿಸಿ ನೋಡಿ.

ಬಯೋಸ್‌ನಲ್ಲಿ ಡಿಸ್ಕು ಕಂಡು, ಲಿನಕ್ಸಿಗೆ ಕಾಣದಿದ್ದರೆ ಗಡಿಯಾರ ನೋಡಿ. ತಾರೀಕು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಿಆರ್2032 ಎಂದು ಕೇಳಿ, 3 ವೋಲ್ಟಿನದು. ಎಷ್ಟೋ ಕಂಪ್ಯೂಟರುಗಳಲ್ಲಿ ಈ ಬ್ಯಾಟರಿ ಸತ್ತರೆ ಬಯೋಸ್ ತನ್ನ ಹಳೆಯ ಹೊಂದಾಣಿಕೆಯನ್ನು ಮರೆತುಬಿಡುತ್ತದೆ. ಡಿಸ್ಕಿನ ಹೊಂದಾಣಿಕೆ ಎಎಚ್‌ಸಿಐ ಇದ್ದದ್ದು ರೇಡ್ ಎಂದು ಬದಲಾಗಿರಬಹುದು; ಕೆಲವು ಯಂತ್ರಗಳಲ್ಲಿ ಆಗ ಲಿನಕ್ಸಿಗೆ ಡಿಸ್ಕು ಕಾಣುವುದಿಲ್ಲ. ಮತ್ತೆ ಎಎಚ್‌ಸಿಐ ಮಾಡಿ ಉಳಿಸಿ. ಆದರೆ ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ಇದ್ದರೆ ಕೇಳಿ ತಿಳಿದೇ ಬದಲಿಸಿ. ವಿಂಡೋಸ್ ಏಳದೆ ಹೋಗಬಹುದು.

ಹಿಂದಿನ ದಿನವಷ್ಟೇ ಅಪ್‌ಡೇಟ್ ಮಾಡಿದ್ದರೆ ಹೊಸ ಕೈಚೀಲದಲ್ಲಿ ಕೀಲಿ ತಪ್ಪಿಹೋಗಿರಬಹುದು. ಆರಂಭದಲ್ಲಿ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಪಟ್ಟಿ ತರಿಸಿ, ಅಡ್ವಾನ್ಸ್ಡ್ ಆಪ್ಶನ್ಸ್ ಎಂಬಲ್ಲಿ ಹಳೆಯ ಕರ್ನೆಲನ್ನು ಆರಿಸಿ. ಅದು ಎದ್ದರೆ ಡಿಸ್ಕು ಕ್ಷೇಮ.

ಇನ್ನು ಐಒ ಎರರ್. ಕೇಬಲ್ ಬದಲಿಸಿದ ಮೇಲೂ ಅದು ಬರುತ್ತಿದ್ದರೆ, ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಅದಕ್ಕೆ ಆಯುಸ್ಸು ಕಡಿಮೆ. ಮತ್ತೆ ಮತ್ತೆ ಹಚ್ಚಿ ಆರಿಸಬೇಡಿ. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಸಿಕೊಳ್ಳಿ. ರಿಪೇರಿ ಆಮೇಲೆ.

ರಿಪೇರಿಯವರಲ್ಲಿಗೆ ಹೋಗಲೇಬೇಕಾದರೆ ಹೋಗಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಸಂದೇಶದ ಫೋಟೋ, ಡಿಸ್ಕುಗಳ ಪಟ್ಟಿ, ನೀವು ಮಾಡಿ ನೋಡಿದ್ದರ ವಿವರ ಕೈಯಲ್ಲಿರಲಿ. "ಒಳಗಿನ ಕಡತಗಳು ಬೇಕು, ನಕಲು ಮಾಡದೆ ಒರೆಸಬೇಡಿ" ಎಂದು ಕನ್ನಡದಲ್ಲಾಗಲಿ, ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲಾಗಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳಿ. ಎರಡು ಭಾಷೆ ಬಲ್ಲ ನಮಗೆ ಅದೇನೂ ಕಷ್ಟವಲ್ಲ. ಮತ್ತು ಕಂಪ್ಯೂಟರ್ ಚೆನ್ನಾಗಿರುವ ಇಂದೇ ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ.